ಎಲೆಕ್ಟ್ರಿಕ್ ಗಿಟಾರಿನ ಒಡಲಿಗೆ ಯಾವ ಮರ? ನಾದದ ನಂಬಿಕೆ ಮತ್ತು ವ್ಯಾಪಾರದ ಲೆಕ್ಕ

ಅಮೆರಿಕದ ಫೆಂಡರ್ ಸಂಸ್ಥೆಯು ತನ್ನ ಬಹುಪಾಲು ಗಿಟಾರುಗಳ ತಯಾರಿಕೆಯಲ್ಲಿ ಆಶ್ ಮರದ ಬಳಕೆಯನ್ನು ಕೈಬಿಡುವುದಾಗಿ 2020ರಲ್ಲಿ ಪ್ರಕಟಿಸಿತು. ಹಳೆಯ ಮಾದರಿಗಳನ್ನು ಯಥಾವತ್ತಾಗಿ ಅನುಸರಿಸುವ ಕೆಲವೇ ಗಿಟಾರುಗಳಿಗೆ ಮಾತ್ರ ಆ ಮರ ಉಳಿಯಿತು. 1950ರಲ್ಲಿ ಈ ಸಂಸ್ಥೆಯ ಮೊದಲ ಗಟ್ಟಿ ಒಡಲಿನ ಗಿಟಾರು ಮಾರುಕಟ್ಟೆಗೆ ಬಂದಂದಿನಿಂದ ಆಶ್ ಮತ್ತು ಫೆಂಡರ್ ಎಂಬ ಹೆಸರುಗಳು ಜೊತೆಜೊತೆಯಾಗಿಯೇ ಕೇಳಿಬಂದಿದ್ದವು. ಎಪ್ಪತ್ತು ವರ್ಷಗಳ ಈ ನಂಟು ಸಡಿಲಗೊಂಡುದಕ್ಕೆ ಸಂಗೀತವು ಕಾರಣವಲ್ಲ. ಮಿಸಿಸಿಪ್ಪಿ ನದಿಯ ಕೆಳಪಾತ್ರದ ಜೌಗು ನೆಲದಲ್ಲಿ ಬೆಳೆಯುವ ಹಗುರವಾದ ಆಶ್ ಮರವನ್ನು ದೀರ್ಘಕಾಲದ ನೆರೆಯಿಂದಾಗಿ ಕಡಿದು ತರುವುದು ದುಸ್ತರವಾಯಿತು. ಅದರ ಜೊತೆಗೆ, 2002ರಲ್ಲಿ ಮಿಷಿಗನ್ ರಾಜ್ಯದಲ್ಲಿ ಪತ್ತೆಯಾದ ಏಷ್ಯಾ ಮೂಲದ ಹಸಿರು ಕೊರಕ ಜೀರುಂಡೆಯು ಕೋಟ್ಯಂತರ ಆಶ್ ಮರಗಳನ್ನು ಬಲಿ ತೆಗೆದುಕೊಂಡಿತು. ಮರ ಸಿಗದಿದ್ದಾಗ ತಯಾರಕನು ಬೇರೆ ಮರವನ್ನು ಹುಡುಕಲೇಬೇಕು. ಆಗ ಏಳುವ ಪ್ರಶ್ನೆಯೆಂದರೆ, ಮರ ಬದಲಾದರೆ ನಾದವೂ ಬದಲಾಗುವುದೇ?

ಮರಮುಟ್ಟಿನ ವ್ಯಾಪಾರಿಗಳಿಗೂ ವಾದ್ಯಗಳನ್ನೋ ಅವುಗಳ ಬಿಡಿಭಾಗಗಳನ್ನೋ ತಯಾರಿಸುವ ಸಣ್ಣ ಉದ್ಯಮಿಗಳಿಗೂ ಇದು ಕೇವಲ ರಸಿಕರ ಚರ್ಚೆಯಲ್ಲ. ‘ನಾದದ ಮರ’ ಎಂಬ ವಿಶೇಷಣ ಅಂಟಿದೊಡನೆ ಒಂದು ಹಲಗೆಯ ಬೆಲೆ ಪೀಠೋಪಕರಣದ ಹಲಗೆಯ ಬೆಲೆಯನ್ನು ಮೀರಿ ಏರುತ್ತದೆ. ಆ ಹೆಚ್ಚುವರಿ ಹಣವು ಯಾವ ಗುಣಕ್ಕಾಗಿ ಸಲ್ಲುತ್ತಿದೆ ಎಂಬುದನ್ನು ತಿಳಿಯದೆ ದಾಸ್ತಾನು ಮಾಡುವುದು ಜಾಣತನವೆನಿಸದು.

ಧ್ವನಿ ಹುಟ್ಟುವ ಬಗೆ

ವೀಣೆಯ ಉದಾಹರಣೆ ನಮ್ಮವರಿಗೆ ಪರಿಚಿತ. ತಂತಿಯ ಕಂಪನವು ಕುದುರೆಯ ಮೂಲಕ ಹಲಸಿನ ಮರದ ಕೊಡಕ್ಕೆ ಇಳಿದು, ಅದರ ಮೇಲುಹಲಗೆ ಗಾಳಿಯನ್ನು ಅಲುಗಾಡಿಸಿದಾಗ ನಾದ ಕಿವಿಗೆ ತಲುಪುತ್ತದೆ. ಅಲ್ಲಿ ಮರವೇ ವಾದ್ಯದ ಕಂಠ. ಎಲೆಕ್ಟ್ರಿಕ್ ಗಿಟಾರಿನ ಕ್ರಮವೇ ಬೇರೆ. ಅದರಲ್ಲಿ ಉಕ್ಕಿನ ತಂತಿಗಳ ಕೆಳಗೆ ಆಯಸ್ಕಾಂತವೂ ಅದನ್ನು ಸುತ್ತಿದ ಸಾವಿರಾರು ಸುತ್ತಿನ ಸಣ್ಣ ತಾಮ್ರದ ತಂತಿಯೂ ಇರುತ್ತವೆ. ಇದಕ್ಕೆ ಪಿಕಪ್ ಎಂದು ಹೆಸರು. ತಂತಿ ಕಂಪಿಸಿದಾಗ ಕಾಂತಕ್ಷೇತ್ರವು ಏರಿಳಿದು ಸುರುಳಿಯಲ್ಲಿ ವಿದ್ಯುತ್ ಸಂಕೇತ ಹುಟ್ಟುತ್ತದೆ; ಆಂಪ್ಲಿಫೈಯರ್ ಅದನ್ನು ಹಿಗ್ಗಿಸುತ್ತದೆ. ಪಿಕಪ್ ಗ್ರಹಿಸುವುದು ಉಕ್ಕಿನ ಚಲನೆಯನ್ನೇ ಹೊರತು ಮರದ ಚಲನೆಯನ್ನಲ್ಲ. 1930ರ ದಶಕದ ಆರಂಭದಲ್ಲಿ ರಿಕೆನ್‌ಬ್ಯಾಕರ್ ಸಂಸ್ಥೆಯು ಮಾರಿದ ಮೊದಲ ಎಲೆಕ್ಟ್ರಿಕ್ ಗಿಟಾರಿನ ಒಡಲು ಮರದ್ದೇ ಆಗಿರಲಿಲ್ಲ, ಎರಕ ಹೊಯ್ದ ಅಲ್ಯೂಮಿನಿಯಮ್ಮಿನದಾಗಿತ್ತು. 1950ರ ದಶಕದಲ್ಲಿ ಡ್ಯಾನೆಲೆಕ್ಟ್ರೋ ಸಂಸ್ಥೆಯು ಮರದ ನಾರನ್ನು ಒತ್ತಿ ಮಾಡಿದ ಮ್ಯಾಸೊನೈಟ್ ಹಲಗೆಯಿಂದ ಅಗ್ಗದ ಗಿಟಾರುಗಳನ್ನು ತಯಾರಿಸಿತು. ಅವನ್ನು ಇಂದಿಗೂ ಹುಡುಕಿಕೊಂಡು ಕೊಳ್ಳುವವರಿದ್ದಾರೆ.

ಹಾಗೆಂದು ಮರಕ್ಕೆ ಯಾವ ಪಾತ್ರವೂ ಇಲ್ಲವೆನ್ನಲಾಗದು. ತಂತಿಯ ಎರಡು ತುದಿಗಳನ್ನು ಹಿಡಿದಿರುವ ಆಧಾರವು ಎಷ್ಟು ಬಿಗಿಯಾಗಿದೆ ಎಂಬುದರ ಮೇಲೆ ಕಂಪನವು ಎಷ್ಟು ಹೊತ್ತು ಉಳಿಯುತ್ತದೆ ಎಂಬುದು ನಿಂತಿದೆ. ಆದರೆ 1990ರ ದಶಕದಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ ಹೆಲ್ಮುಟ್ ಫ್ಲೈಶರ್ ಅವರು ನಡೆಸಿದ ಅಳತೆಗಳು ತೋರಿಸಿದಂತೆ, ಈ ವಿಷಯದಲ್ಲಿ ಒಡಲಿಗಿಂತ ಕುತ್ತಿಗೆಯದೇ ಮೇಲುಗೈ. ಕೆಲವು ಮೆಟ್ಟುಗಳಲ್ಲಿ ಸ್ವರವು ಬೇಗನೆ ಅಡಗಿಹೋಗುವುದನ್ನು ವಾದಕರು ಬಲ್ಲರು. ತೆಳುವಾದ ಕುತ್ತಿಗೆಯು ಆ ಸ್ವರದ ಕಂಪನಸಂಖ್ಯೆಯಲ್ಲಿ ತಾನೂ ಅಲುಗಿ ತಂತಿಯ ಶಕ್ತಿಯನ್ನು ಹೀರಿಕೊಳ್ಳುವುದೇ ಇದಕ್ಕೆ ಕಾರಣ. ನಾಲ್ಕೂವರೆ ಸೆಂಟಿಮೀಟರು ದಪ್ಪದ ಒಡಲಿನ ನಡುವೆ ಕೂತ ಕುದುರೆ ಅಷ್ಟಾಗಿ ಅಲುಗುವುದಿಲ್ಲ.

‘ಮಹಾಗನಿ ಗಿಟಾರಿನ ನಾದ ಗಂಭೀರ, ಆಶ್ ಗಿಟಾರಿನದು ಚುರುಕು’ ಎಂಬ ಮಾತನ್ನು ಎಲ್ಲ ಮಾರಾಟಗಾರರೂ ಹೇಳುತ್ತಾರೆ. ಕಿವಿಗೆ ವ್ಯತ್ಯಾಸ ಕೇಳಿಸುವುದು ನಿಜ. ಆದರೆ ಮಹಾಗನಿಯ ಗಿಬ್ಸನ್ ಲೆಸ್ ಪಾಲ್ ಗಿಟಾರಿಗೂ ಆಶ್ ಮರದ ಫೆಂಡರ್ ಟೆಲಿಕ್ಯಾಸ್ಟರಿಗೂ ಮರವೊಂದೇ ಬೇರೆಯಲ್ಲ. ಮೊದಲನೆಯದರ ಕಂಪಿಸುವ ತಂತಿಯ ಉದ್ದ ಸುಮಾರು 24.75 ಅಂಗುಲ, ಎರಡನೆಯದರದು 25.5 ಅಂಗುಲ. 1957ರಿಂದೀಚೆಗೆ ಗಿಬ್ಸನ್ ಬಳಸಿದ್ದು ಜೋಡಿ ಸುರುಳಿಯ ಪಿಕಪ್, ಫೆಂಡರ್‌ನದು ಒಂಟಿ ಸುರುಳಿಯದು. ಕುದುರೆಯೂ, ಕುತ್ತಿಗೆಯನ್ನು ಜೋಡಿಸುವ ಕ್ರಮವೂ ಬೇರೆ. ಇಷ್ಟೆಲ್ಲ ಭೇದಗಳ ಫಲವನ್ನು ಮರವೊಂದರ ಖಾತೆಗೆ ಜಮಾ ಮಾಡುವುದು ಯಾವ ಲೆಕ್ಕಿಗನೂ ಒಪ್ಪದ ಲೆಕ್ಕ.

ಮರವೇ ಧ್ವನಿಪೆಟ್ಟಿಗೆಯಾಗಿರುವ ಸಾಮಾನ್ಯ ಗಿಟಾರಿನಲ್ಲಿಯೂ ನಂಬಿಕೆಗೆ ಪೆಟ್ಟು ಬಿದ್ದಿದೆ. 2018ರಲ್ಲಿ ಪ್ರಕಟವಾದ ಬ್ರಿಟನ್ನಿನ ಲ್ಯಾಂಕ್ಯಾಸ್ಟರ್ ವಿಶ್ವವಿದ್ಯಾಲಯದ ಅಧ್ಯಯನದಲ್ಲಿ ಹಿಂಬದಿ ಹಾಗೂ ಪಕ್ಕದ ಮರವೊಂದನ್ನು ಬಿಟ್ಟು ಉಳಿದೆಲ್ಲವೂ ಒಂದೇ ಆಗಿದ್ದ ಆರು ಗಿಟಾರುಗಳನ್ನು 52 ವಾದಕರ ಕೈಗೆ ಕೊಡಲಾಯಿತು. ಮರ ಕಾಣದಂತೆ ಅವರ ಕಣ್ಣಿಗೆ ವೆಲ್ಡಿಂಗ್ ಕನ್ನಡಕ ತೊಡಿಸಲಾಗಿತ್ತು. ದುಬಾರಿ ಬ್ರೆಜಿಲ್ ರೋಸ್‌ವುಡ್, ಭಾರತದ ಬೀಟೆ, ಮೇಪಲ್, ಮಹಾಗನಿ, ಸಪೀಲಿ, ವಾಲ್‌ನಟ್ ಇವುಗಳಿಗೆ ಅವರು ನೀಡಿದ ಅಂಕಗಳಲ್ಲಿ ಹೇಳಿಕೊಳ್ಳುವಂತಹ ಅಂತರ ಕಂಡುಬರಲಿಲ್ಲ.

ಕಾರ್ಖಾನೆಯ ಕಾರಣಗಳು

ಹಾಗಾದರೆ ಈ ಮರಗಳನ್ನು ಆರಿಸಿದ್ದೇಕೆ? ಫೆಂಡರ್ ಸಂಸ್ಥೆಯ ಸ್ಥಾಪಕ ಲಿಯೊ ಫೆಂಡರ್ ಕ್ಯಾಲಿಫೋರ್ನಿಯದಲ್ಲಿ ರೇಡಿಯೊ ರಿಪೇರಿ ಅಂಗಡಿ ನಡೆಸುತ್ತಿದ್ದವರು. ಗಿಟಾರು ನುಡಿಸಲು ಅವರಿಗೆ ಬರುತ್ತಿರಲಿಲ್ಲ. ಅವರ ಮೊದಲ ಮಾದರಿಗಳು ಪೈನ್ ಮರದವು. ತಯಾರಿಕೆ ಆರಂಭವಾದಾಗ ಆಶ್ ಬಂದಿತು. 1956ರ ಸುಮಾರಿಗೆ ಸ್ಟ್ರ್ಯಾಟೊಕ್ಯಾಸ್ಟರ್ ಗಿಟಾರಿಗೆ ಅಮೆರಿಕದ ವಾಯವ್ಯ ಕರಾವಳಿಯ ಆಲ್ಡರ್ ಮರವನ್ನು ಬಳಸತೊಡಗಿದರು. ಆ ಪ್ರದೇಶದಲ್ಲಿ ಆಲ್ಡರ್ ಒಂದು ಕಾಲಕ್ಕೆ ಕಳೆಗಿಡದಂತೆ ಎಣಿಸಲ್ಪಟ್ಟಿದ್ದ ಅಗ್ಗದ ಮರ. ಆಶ್ ಮರದ ರಂಧ್ರಗಳು ದೊಡ್ಡವು. ಬಣ್ಣ ಹಚ್ಚುವ ಮುನ್ನ ಅವನ್ನು ತುಂಬಿ, ಒಣಗಿಸಿ, ಮತ್ತೆ ಉಜ್ಜಬೇಕು. ಆಲ್ಡರ್‌ನ ಮೈ ನಯವಾದ್ದರಿಂದ ಈ ಒಂದು ಹಂತವೇ ಉಳಿತಾಯವಾಗುತ್ತದೆ. ಮರದ ಗೆರೆ ಕಾಣಿಸಬೇಕಾದ ತಿಳಿಹಳದಿ ಬಣ್ಣದ ಗಿಟಾರುಗಳಿಗೆ ಮಾತ್ರ ಆಶ್ ಮುಂದುವರಿಯಿತು. ಕೂಲಿ ಮತ್ತು ಬಣ್ಣದ ಲೆಕ್ಕದಲ್ಲಿ ಮಾಡಿದ ಆಯ್ಕೆಯೇ ಮುಂದೆ ‘ನಾದದ ಪರಂಪರೆ’ ಎನಿಸಿಕೊಂಡಿತು. ಗಿಬ್ಸನ್ ಸಂಸ್ಥೆಯು 1952ರಲ್ಲಿ ಲೆಸ್ ಪಾಲ್ ಮಾದರಿಗೆ ಮಹಾಗನಿಯ ಒಡಲು, ಮೇಲೆ ಕಮಾನಾಗಿ ಕೆತ್ತಿದ ಮೇಪಲ್ ಹೊದಿಕೆ ಎಂದು ನಿರ್ಧರಿಸಿದಾಗಲೂ, ಅಂತಹ ಕೆತ್ತನೆಯ ಯಂತ್ರ ತನ್ನಲ್ಲಿದ್ದು ಪ್ರತಿಸ್ಪರ್ಧಿಯ ಬಳಿ ಇಲ್ಲವೆಂಬ ಎಣಿಕೆ ಅದರ ಹಿಂದಿತ್ತು.

ಇಂದಿನ ತಯಾರಕನಿಗೂ ಮೊದಲು ಬೇಕಾದುದು ತೂಕದ ಲೆಕ್ಕ. ಸಾಧಾರಣ ಒಡಲಿಗೆ ಸುಮಾರು 4 ಲೀಟರ್ ಗಾತ್ರದ ಮರ ಹಿಡಿಯುತ್ತದೆ ಎಂದಿಟ್ಟುಕೊಳ್ಳೋಣ. ಘನ ಮೀಟರಿಗೆ ಸುಮಾರು 450 ಕಿಲೊ ತೂಗುವ ಆಲ್ಡರ್‌ನಲ್ಲಿ ಅದು 1.8 ಕಿಲೊ. 590 ಕಿಲೊದ ಆಸುಪಾಸಿನ ಮಹಾಗನಿಯಲ್ಲಿ ಸುಮಾರು 2.4 ಕಿಲೊ, 675 ಕಿಲೊದ ಬಿಳಿ ಆಶ್‌ನಲ್ಲಿ 2.7 ಕಿಲೊ. ನಮ್ಮ ಬೀಟೆಯಲ್ಲಿ ಮಾಡಿದರೆ 3.3 ಕಿಲೊ ದಾಟುತ್ತದೆ. ಕುತ್ತಿಗೆ, ಲೋಹದ ಭಾಗಗಳೆಲ್ಲ ಸೇರಿದ ಮೇಲೆ ಅದನ್ನು ಮೂರು ಗಂಟೆ ಹೆಗಲಿಗೆ ತೂಗುಹಾಕಿಕೊಂಡು ನುಡಿಸುವವನ ಪಾಡನ್ನು ಹೇಳಬೇಕಾಗಿಲ್ಲ. ಒಡಲು ತೀರಾ ಹಗುರವಾದರೂ ತೊಂದರೆಯೇ. ಕುತ್ತಿಗೆ ನೆಲದತ್ತ ವಾಲುತ್ತದೆ, ಬಾಸ್‌ವುಡ್‌ನಂತಹ ಮೆತ್ತನೆಯ ಮರದಲ್ಲಿ ತಿರುಪುಗಳು ಸಡಿಲಗೊಳ್ಳುತ್ತವೆ, ಮೈಯೆಲ್ಲ ತಗ್ಗು ಬೀಳುತ್ತದೆ.

ಎರಡನೆಯದು ಒಣಗಿಸುವಿಕೆ. ವಿದೇಶೀ ತಯಾರಕರು ಶೇ. 6ರಿಂದ 8ರಷ್ಟು ತೇವಾಂಶಕ್ಕೆ ಇಳಿಸಿದ ಮರವನ್ನೇ ಕೇಳುತ್ತಾರೆ. ಬಿಸಿಲಿನಲ್ಲಿ ಜೋಡಿಸಿ ಒಣಗಿಸಿದ ಮರ ನಮ್ಮ ಹವೆಯಲ್ಲಿ ಅಷ್ಟು ಇಳಿಯುವುದಿಲ್ಲ. ಒಣಗಿಸುವ ಕುಲುಮೆಯೂ ತೇವಮಾಪಕವೂ ಬೇಕು. ಒಣಗಿಸಿದ ಮೇಲೂ ಅದನ್ನು ಕರಾವಳಿಯ ಉಗ್ರಾಣದಲ್ಲಿ ಒಂದು ಮಳೆಗಾಲ ತೆರೆದಿಟ್ಟರೆ ಪಟ್ಟ ಶ್ರಮವೆಲ್ಲ ವ್ಯರ್ಥ. ತಿರಸ್ಕೃತವಾಗಿ ಮರಳಿದ ಒಂದು ಕಂಟೇನರಿನ ಸಾಗಣೆ ವೆಚ್ಚದ ಮುಂದೆ ಮರದ ನಾದದ ಸೂಕ್ಷ್ಮಗಳು ಸಣ್ಣವೆನಿಸುತ್ತವೆ.

ಬೀಟೆಯ ಪಾಠ

ಕರ್ನಾಟಕದ ಮರಕ್ಕೂ ಈ ಉದ್ಯಮಕ್ಕೂ ನೇರ ನಂಟಿರುವುದು ಒಡಲಿನಲ್ಲಲ್ಲ, ಬೆರಳಾಡುವ ಸ್ವರಫಲಕದಲ್ಲಿ. ಪಶ್ಚಿಮ ಘಟ್ಟದ ಬೀಟೆ ಜಗತ್ತಿನ ಗಿಟಾರು ತಯಾರಕರಿಗೆಲ್ಲ ಬೇಕಾದ ಸರಕು. ಇಲ್ಲಿ ನಾದಕ್ಕಿಂತ ಕಾಗದಪತ್ರವೇ ವ್ಯಾಪಾರದ ಭವಿಷ್ಯವನ್ನು ನಿರ್ಧರಿಸಿದೆ.

2011ರ ಆಗಸ್ಟ್ ತಿಂಗಳಲ್ಲಿ ಅಮೆರಿಕದ ಅಧಿಕಾರಿಗಳು ಟೆನೆಸಿ ರಾಜ್ಯದ ಗಿಬ್ಸನ್ ಕಾರ್ಖಾನೆಗಳನ್ನು ಶೋಧಿಸಿ, ಭಾರತದಿಂದ ಬಂದಿದ್ದ ಬೀಟೆ ಹಾಗೂ ಎಬೊನಿ ಹಲಗೆಗಳನ್ನು ವಶಪಡಿಸಿಕೊಂಡರು. ಮರ ಕಡಿದ ದೇಶದ ಕಾನೂನನ್ನು ಮುರಿದು ತಂದ ಮರವನ್ನು ಹೊಂದಿರುವುದು, 2008ರಲ್ಲಿ ತಿದ್ದುಪಡಿಯಾದ ಅಮೆರಿಕದ ಲೇಸಿ ಕಾಯ್ದೆಯ ಪ್ರಕಾರ, ಅಲ್ಲಿಯೂ ಅಪರಾಧ. ವಿವಾದದ ಮೂಲವಿದ್ದುದು ಸುಂಕದ ವರ್ಗೀಕರಣದಲ್ಲಿ. 6 ಮಿಲಿಮೀಟರಿಗಿಂತ ದಪ್ಪನೆಯ ಕೊಯ್ದ ಮರ 4407ನೆಯ ಶೀರ್ಷಿಕೆಗೂ, ಅದಕ್ಕಿಂತ ತೆಳುವಾದುದು 4408ಕ್ಕೂ, ವಾದ್ಯದ ಬಿಡಿಭಾಗ 9209ಕ್ಕೂ ಸೇರುತ್ತದೆ. ಸುಮಾರು 10 ಮಿಲಿಮೀಟರ್ ದಪ್ಪದ ಸ್ವರಫಲಕವನ್ನು ರಫ್ತಿಗೆ ನಿಷಿದ್ಧವಾದ ಕೊಯ್ದ ಮರವೆನ್ನಬೇಕೇ, ಅನುಮತಿಸಲ್ಪಟ್ಟ ಬಿಡಿಭಾಗವೆನ್ನಬೇಕೇ? 2012ರ ಆಗಸ್ಟ್‌ನಲ್ಲಿ ಮಡಗಾಸ್ಕರ್ ಎಬೊನಿಯ ಸಂಬಂಧವಾಗಿ ಗಿಬ್ಸನ್ 3 ಲಕ್ಷ ಡಾಲರ್ ದಂಡ ತೆತ್ತು ಒಪ್ಪಂದಕ್ಕೆ ಬಂದಿತು. ಭಾರತದ ಮರವನ್ನು ಅದಕ್ಕೆ ಹಿಂತಿರುಗಿಸಲಾಯಿತು. ಆದರೆ ಅಷ್ಟರಲ್ಲಿ ಒಂದು ವರ್ಷ ಕಳೆದಿತ್ತು.

ಮುಂದೆ 2017ರ ಜನವರಿ 2ರಿಂದ ಬೀಟೆಯೂ ಸೇರಿದಂತೆ ಆ ಕುಲದ ಬಹುತೇಕ ಮರಗಳು ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧದಡಿ ಬಂದವು. ಸಿದ್ಧ ಗಿಟಾರು ಗಡಿ ದಾಟಲೂ ಪತ್ರಗಳು ಬೇಕಾದವು. ಬೇಸತ್ತ ತಯಾರಕರು ಬೀಟೆಯನ್ನೇ ಬಿಟ್ಟರು. ಫೆಂಡರ್ ತನ್ನ ಮೆಕ್ಸಿಕೊ ಕಾರ್ಖಾನೆಯ ಗಿಟಾರುಗಳಿಗೆ ದಕ್ಷಿಣ ಅಮೆರಿಕದ ಪಾವ್ ಫೆರೊ ಮರವನ್ನು ಹಾಕಿತು. 2019ರ ನವೆಂಬರ್ 26ರಿಂದ ಸಿದ್ಧ ವಾದ್ಯಗಳಿಗೂ ಅವುಗಳ ಸಿದ್ಧ ಬಿಡಿಭಾಗಗಳಿಗೂ ವಿನಾಯಿತಿ ದೊರೆತಿದೆ. ಇಲ್ಲಿ ‘ಸಿದ್ಧ’ ಎಂಬ ಪದವೇ ಮುಖ್ಯ. ಅರೆಬರೆ ಕೊಯ್ದ ಹಲಗೆಗೆ ಈ ವಿನಾಯಿತಿ ಸಲ್ಲದು. ಅಳತೆಗೆ ತಂದು ಕೆಲಸ ಮುಗಿಸಿದ ಭಾಗಕ್ಕೆ ಸಲ್ಲುತ್ತದೆ. ಹಲಗೆ ಮಾರುವುದಕ್ಕಿಂತ ಕೆಲಸ ಮುಗಿಸಿ ಮಾರುವುದರಲ್ಲಿ ಲಾಭವಷ್ಟೇ ಅಲ್ಲ, ನೆಮ್ಮದಿಯೂ ಇದೆ. ಅದಕ್ಕೂ ಮೊದಲು ನಾಟಾ ಡಿಪೋದ ಹರಾಜಿನ ರಸೀತಿಯಿಂದ ಹಿಡಿದು ಸಾಗಣೆ ಪರವಾನಗಿಯವರೆಗೆ ಪ್ರತಿಯೊಂದು ಕಾಗದವನ್ನೂ ಆಯಾ ತುಂಡಿನ ಗುರುತಿನೊಂದಿಗೆ ಕಾಪಾಡಿಡಬೇಕು. ಬೇಡಿಕೆ ಒಪ್ಪಿಕೊಳ್ಳುವ ಮುನ್ನವೇ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದಿಂದ ವರ್ಗೀಕರಣವನ್ನು ಲಿಖಿತವಾಗಿ ಪಡೆಯುವುದು ಕ್ಷೇಮ.

ಬೀಟೆ ಬಿಟ್ಟ ಜಾಗಕ್ಕೆ ನಮ್ಮದೇ ಇನ್ನೊಂದು ಮರ ಬಂದಿರುವುದು ಅನೇಕರ ಗಮನಕ್ಕೆ ಬಂದಿರಲಾರದು. ಫೆಂಡರ್ ಬಳಗದ ಅಗ್ಗದ ಸ್ಕ್ವಯರ್ ಗಿಟಾರುಗಳ ಸ್ವರಫಲಕಕ್ಕೆ ‘ಇಂಡಿಯನ್ ಲಾರೆಲ್’ ಎಂದು ನಮೂದಾಗಿರುತ್ತದೆ. ಮರದ ವ್ಯಾಪಾರದಲ್ಲಿ ಆ ಹೆಸರು ಸಲ್ಲುವುದು ನಮ್ಮ ಮತ್ತಿ ಮರಕ್ಕೆ. ಹಾಗೆಯೇ, ಮಹಾಗನಿಯ ಮೇಲಿನ ಸೈಟಿಸ್ ನಿರ್ಬಂಧವು ಮಧ್ಯ ಮತ್ತು ದಕ್ಷಿಣ ಅಮೆರಿಕದ ಮರಕ್ಕಷ್ಟೇ ಅನ್ವಯವಾಗುವುದರಿಂದ ಫಿಜಿಯಲ್ಲಿ ನೆಟ್ಟು ಬೆಳೆಸಿದ ಮಹಾಗನಿ ಗಿಟಾರಿನ ಒಡಲಾಗುತ್ತಿದೆ. ಕರ್ನಾಟಕದ ರೈತರು ಈಚಿನ ವರ್ಷಗಳಲ್ಲಿ ಹೊಲದ ಬದುಗಳಲ್ಲಿ ನೆಟ್ಟಿರುವ ಮಹಾಗನಿ ಇನ್ನೂ ಎಳೆಯದು. ಅದು ಬಲಿತಾಗ ಒಡಲಿಗೆ ಒದಗುವುದೇ ಎಂಬುದನ್ನು ಪರೀಕ್ಷಿಸಲು ಹೆಚ್ಚಿನ ಬಂಡವಾಳವೇನೂ ಬೇಡ. ಒಂದೇ ಕುತ್ತಿಗೆ, ಒಂದೇ ಪಿಕಪ್, ಒಂದೇ ಕುದುರೆಯನ್ನು ಎರಡು ಮೂರು ಮರಗಳ ಒಡಲಿಗೆ ಒಂದೊಂದಾಗಿ ಜೋಡಿಸಿ, ಹೊಸ ತಂತಿ ಕಟ್ಟಿ, ಮರ ಯಾವುದೆಂದು ತಿಳಿಸದೆ ನಾಲ್ಕಾರು ವಾದಕರಿಂದ ನುಡಿಸಬೇಕು. ಅವರ ಅಭಿಪ್ರಾಯದ ಜೊತೆಗೆ ಪ್ರತಿ ಒಡಲಿನ ತೂಕ, ತೇವಾಂಶ ಮತ್ತು ಬಣ್ಣಕ್ಕೆ ತಗುಲಿದ ವೆಚ್ಚವನ್ನೂ ಅದೇ ಪುಟದಲ್ಲಿ ಬರೆದಿಟ್ಟುಕೊಂಡರೆ ಬೆಲೆ ಗೊತ್ತುಮಾಡುವುದು ಸುಲಭವಾಗುತ್ತದೆ.