ಸವೆದ ನಾಣ್ಯ ಯಾರ ಕಾಲದ್ದು?

ಪ್ರಶ್ನೆ: ಅಕ್ಷರವೆಲ್ಲ ಅಳಿಸಿಹೋದ ಹಳೆಯ ನಾಣ್ಯವನ್ನು ಗುರುತಿಸುವುದು ಹೇಗೆ?

ಉತ್ತರ: ಮೊದಲು ತಕ್ಕಡಿ, ಆಮೇಲೆ ಭೂತಗನ್ನಡಿ. ಉದಾಹರಣೆಗೆ, ವಿಜಯನಗರದ ಚಿನ್ನದ ವರಾಹ ಸುಮಾರು 3.4 ಗ್ರಾಂ ತೂಗುತ್ತದೆ. ಚಿತ್ರ ಮಾಸಿದರೂ ತೂಕ ಒಂದಿಷ್ಟು ಗುಟ್ಟು ಬಿಟ್ಟುಕೊಡುತ್ತದೆ.

ಬಳಿಕ ಪಕ್ಕದಿಂದ ಓರೆಯಾಗಿ ಬೆಳಕು ಬಿಟ್ಟರೆ ಅಳಿದುಳಿದ ಉಬ್ಬುಗಳು ನೆರಳಿನಿಂದ ಎದ್ದು ಕಾಣುತ್ತವೆ. ಆನೆಗಳನ್ನು ಕಚ್ಚಿ ಹಿಡಿದ ಗಂಡಭೇರುಂಡವಿದ್ದರೆ ಅಚ್ಯುತರಾಯನ ಕಡೆಗೆ, ಕುಳಿತ ಬಾಲಕೃಷ್ಣನಿದ್ದರೆ ಕೃಷ್ಣದೇವರಾಯನ ಕಡೆಗೆ ಊಹೆ ಹರಿಯುತ್ತದೆ.

ಉಮಾಮಹೇಶ್ವರರು ಕಂಡಾಗ ಮಾತ್ರ ಅವಸರ ಸಲ್ಲದು. ವಿಜಯನಗರದ ಅರಸರು ಬಳಸಿದ ಆ ಚಿತ್ರವನ್ನು ಇಕ್ಕೇರಿಯ ನಾಯಕರು ಮುಂದುವರಿಸಿದರು, 1763ರಲ್ಲಿ ಅವರ ರಾಜಧಾನಿ ಬಿದನೂರು ಗೆದ್ದ ಹೈದರಾಲಿಯೂ (ಜಾಣ ವ್ಯವಹಾರಸ್ಥ!) ಅದನ್ನೇ ಉಳಿಸಿಕೊಂಡ. ಹಿಂಬದಿಯಲ್ಲಿ ಅವನ ಹೆಸರಿನ ಮೊದಲ ಅರಬ್ಬಿ ಅಕ್ಷರವಿದ್ದರೆ ನಾಣ್ಯ ಅವನದೇ.

ದಯವಿಟ್ಟು ಹುಣಸೆಹಣ್ಣು ಹಾಕಿ ಉಜ್ಜಬೇಡಿ. ಇರುವ ಗುರುತೂ ಅಳಿಸಿಹೋಗುತ್ತದೆ.