ಬಸ್ಸು ಬರಲಿ, ಸ್ಪ್ಯಾನಿಷ್‌ನಲ್ಲಿ

ಕುಬಟೂರಿನಲ್ಲಿ ಆನವಟ್ಟಿ ಬಸ್ಸಿಗೆ ಕಾಯುವವರು ‘ಬರ್ತದೆ’ ಎಂದರೆ ಅದು ಸುದ್ದಿ, ‘ಬರಲಿ’ ಎಂದರೆ ಹಾರೈಕೆ, ‘ಬಂದೀತು’ ಎಂದರೆ ಅಂದಾಜು. ನಮ್ಮ ವ್ಯಾಕರಣ ಕೊನೆಯ ಎರಡನ್ನು ವಿಧ್ಯರ್ಥ, ಸಂಭಾವನಾರ್ಥ ಎಂದು ಬೇರೆ ಮಾಡುತ್ತದೆ. ಸ್ಪ್ಯಾನಿಷ್ ಎರಡಕ್ಕೂ ಒಂದೇ ರೂಪ ಬಳಸುತ್ತದೆ; ಅದರ ಹೆಸರು ಸುಬ್‌ಹುಂತೀವೊ.

ಕಟ್ಟುವ ಬಗೆ ಸುಲಭ. ವರ್ತಮಾನದ ‘ನಾನು’ ರೂಪ ತೆಗೆದುಕೊಂಡು ಕೊನೆಯ ‘ಒ’ ಕಳಚಿ. ‘ಆರ್’ ಎಂದು ಮುಗಿಯುವ ಧಾತುವಾದರೆ ‘ಎ’ ಹಚ್ಚಿ. ‘ಎರ್’, ‘ಇರ್’ ಆದರೆ ‘ಅ’. ಅಬ್ಲಾರ್ ಎಂದರೆ ಮಾತಾಡು: ಆಬ್ಲೊ (ಮಾತಾಡುತ್ತೇನೆ) ಹೋಗಿ ಆಬ್ಲೆ ಆಗುತ್ತದೆ. ಪೂರ್ತಿ ಸಾಲು: ನಾನು ಆಬ್ಲೆ, ನೀನು ಆಬ್ಲೆಸ್, ಅವನು ಅಥವಾ ಅವಳು ಆಬ್ಲೆ, ನಾವು ಅಬ್ಲೇಮೊಸ್, ನೀವು ಅಬ್ಲೇಯ್ಸ್, ಅವರು ಆಬ್ಲೆನ್. ತಿನ್ನು ಎನ್ನುವ ಕೊಮೇರ್‌ಗೆ ಕೋಮ, ಕೋಮಸ್, ಕೋಮ, ಕೊಮಾಮೊಸ್, ಕೊಮಾಯ್ಸ್, ಕೋಮನ್. ಬದುಕು ಎನ್ನುವ ಬಿಬೀರ್‌ಗೆ ಬೀಬ. ಮೆರವಣಿಗೆಗಳಲ್ಲಿ ಕೂಗುವ ‘ವಿವಾ’ ಇದೇ ಬೀಬ, ಅಂದರೆ ‘ಬಾಳಲಿ’. ಕುಬಟೂರು ಕುಪ್ಪಟೂರಾಗಿದ್ದ ಕಾಲದ ಹಳಗನ್ನಡದಲ್ಲಾದರೆ ‘ಬಾಳ್ಗೆ’.

ಕನ್ನಡಿಗರು ಎಡವುವುದು ಪುರುಷ ಪ್ರತ್ಯಯದಲ್ಲಿ. ‘ಬರಲಿ’ ಅವನಿಗೂ ಅವಳಿಗೂ ಅವರಿಗೂ ಬದಲಾಗದೆ ಒದಗುತ್ತದೆ. ಎದುರಿಗಿರುವವರಿಗೆ ‘ಬಾ’, ‘ಬನ್ನಿ’ ಎಂದು ದಾರಿ ಬದಲಿಸುತ್ತೇವೆ. ಹಾಗಾಗಿ ಸ್ಪ್ಯಾನಿಷ್‌ನ ಆರು ರೂಪ ಕಲಿಯುವಾಗ ‘ಬಂದೇನು, ಬಂದೀಯೆ, ಬಂದಾನು, ಬಂದಾರು’ ಸಾಲೇ ಒಳ್ಳೆಯ ಜೋಡಿ ಎಂದು ನನ್ನ ಅನಿಸಿಕೆ. ಅಲ್ಲಿ ನಮ್ಮ ಕ್ರಿಯಾಪದವೂ ಪುರುಷಕ್ಕೆ ತಕ್ಕಂತೆ ಬಾಗುತ್ತದೆ.

ಎಲ್ಲಿ ಬಳಸಬೇಕು? ಬಯಸುವವರು ಒಬ್ಬರು, ಮಾಡುವವರು ಇನ್ನೊಬ್ಬರು ಆದಾಗ: ‘ಕಿಯೆರೊ ಕೆ ಆಬ್ಲೆಸ್’, ನೀನು ಮಾತಾಡಬೇಕೆಂಬುದು ನನ್ನ ಆಸೆ. ಮಾತಾಡುವ ಆಸೆ ನನಗೇ ಇದ್ದರೆ ‘ಕಿಯೆರೊ ಅಬ್ಲಾರ್’ ಸಾಕು, ಸುಬ್‌ಹುಂತೀವೊ ಬೇಡ. ‘ನೊ ಕ್ರೇಯೊ ಕೆ’ (ಅಂತ ನನಗನ್ನಿಸುವುದಿಲ್ಲ) ಎಂಬ ಸಂಶಯದ ಹಿಂದೆಯೂ, ಅರಬಿಯಿಂದ ಬಂದ ‘ಓಹಲಾ’ ಎಂಬ ಹಾರೈಕೆಯ ಹಿಂದೆಯೂ ಇದೇ ರೂಪ. ನಮ್ಮ ಬಸ್ಸಿಗೆ ‘ಓಹಲಾ ಬೆಂಗ’ ಎನ್ನಬೇಕು. ‘ಬರು’ ಅಲ್ಲಿ ನಿಯಮ ತಪ್ಪಿದ ಧಾತು, ಆದರೂ ‘ನಾನು’ ರೂಪವಾದ ಬೆಂಗೊ ಹಿಡಿದರೆ ಬೆಂಗ ತಾನಾಗಿ ಬರುತ್ತದೆ.

ಬರೆಯುವಾಗ ಒಂದು ಕಿರಿಕಿರಿ ಇದೆ. ಹುಡುಕುತ್ತೇನೆ ಎಂಬ ಬುಸ್ಕೊ ಬುಸ್ಕೆ ಆದಾಗ ರೋಮನ್ ಲಿಪಿಯಲ್ಲಿ ‘ಸಿ’ ತೆಗೆದು ‘ಕ್ಯೂ, ಯು’ ಹಾಕಬೇಕು, ಇಲ್ಲದಿದ್ದರೆ ‘ಕ’ ಸದ್ದು ಕೆಡುತ್ತದೆ. ಕನ್ನಡ ಲಿಪಿಯಲ್ಲಿ ಬರೆದುಕೊಂಡವರಿಗೆ ಈ ಗೊಡವೆಯೇ ಇಲ್ಲ. ಪರೀಕ್ಷೆಯಲ್ಲಿ ಮಾತ್ರ ಇದೆ.