ಕತ್ತು ಹಿಡಿದುಕೊಂಡರೆ ಏನು ಮಾಡಬೇಕು?

ಬೆಳಗ್ಗೆ ಎದ್ದ ಕೂಡಲೇ ಕತ್ತು ತಿರುಗುವುದಿಲ್ಲ. ತಿರುಗಿಸಲು ಹೋದರೆ ಚಳಕ್ ಅಂತ ನೋವು. ಯಾರಾದರೂ ಕರೆದರೆ ಇಡೀ ಮೈ ತಿರುಗಿಸಿ ನೋಡಬೇಕು. ಕೆಲಸಕ್ಕೆ ಹೋಗದಿದ್ದರೆ ಆವತ್ತಿನ ಕೂಲಿ ಹೋಯಿತು. ಹೋದರೆ ನೋವು ಹೆಚ್ಚುತ್ತೆ. ಈ ಕಷ್ಟ ಬಹಳ ಜನರಿಗೆ ಬರುತ್ತೆ. ಇದಕ್ಕೆ 'ಕತ್ತು ಹಿಡಿದುಕೊಂಡಿದೆ', 'ಕತ್ತು ಉಳುಕಿದೆ' ಅಂತಾರೆ.

ಇದು ಯಾಕೆ ಬರುತ್ತೆ?

ನಮ್ಮ ಕತ್ತಿನಲ್ಲಿ 7 ಮೂಳೆಗಳಿವೆ. ಅವು ಒಂದರ ಮೇಲೊಂದು ಕೂತಿವೆ. ಸುತ್ತಲೂ ಮಾಂಸಖಂಡಗಳಿವೆ. ದೊಡ್ಡವರ ತಲೆ ಸುಮಾರು 5 ಕಿಲೋ ತೂಗುತ್ತೆ. ಈ ಭಾರವನ್ನು ಕತ್ತು ದಿನವೆಲ್ಲ ಹೊರಬೇಕು.

ತುಂಬಿದ ಕೊಡವನ್ನು ಸೊಂಟದ ಮೇಲೆ ಇಟ್ಟುಕೊಂಡು ನಡೆಯಬಹುದು. ಅದೇ ಕೊಡವನ್ನು ಕೈ ಚಾಚಿ ಹಿಡಿದರೆ? ಎರಡೇ ನಿಮಿಷಕ್ಕೆ ಕೈ ಸೋಲುತ್ತೆ. ಕತ್ತೂ ಹಾಗೆಯೇ. ತಲೆ ನೆಟ್ಟಗಿದ್ದರೆ ಭಾರ ಹಗುರ. ಬಗ್ಗಿಸಿದರೆ ಹಿಂದಿನ ಮಾಂಸಖಂಡ ಎಳೆದು ಹಿಡಿಯಬೇಕು.

ಬೀಡಿ ಕಟ್ಟುವವರು, ಹೂ ಕಟ್ಟುವವರು, ಬಟ್ಟೆ ಹೊಲಿಯುವವರು ಗಂಟೆಗಟ್ಟಲೆ ತಲೆ ಬಗ್ಗಿಸಿರುತ್ತಾರೆ. ಮೊಬೈಲ್ ನೋಡುವವರೂ ಅಷ್ಟೇ. ಸೌದೆ, ಹುಲ್ಲು ಹೊರುವವರಿಗೆ ತಲೆಯ ಜೊತೆಗೆ ಹೊರೆಯ ಭಾರವೂ ಸೇರುತ್ತೆ. ಎತ್ತರದ ದಿಂಬಿನಿಂದಲೂ ಕತ್ತು ಸೊಟ್ಟಗಾಗುತ್ತೆ. ದಣಿದ ಮಾಂಸಖಂಡ ಬಿಗಿದುಕೊಳ್ಳುತ್ತೆ. ಆಗ ನೋವು ಬರುತ್ತೆ.

ಮನೆಯಲ್ಲಿ ಏನು ಮಾಡಬಹುದು?

1. ಕಾವು ಕೊಡಿ. ಬಟ್ಟೆಯನ್ನು ಬಿಸಿನೀರಿನಲ್ಲಿ ಅದ್ದಿ, ಹಿಂಡಿ, ನೋವಿರುವ ಕಡೆ ಇಡಿ. 15 ನಿಮಿಷ ಸಾಕು. ದಿನಕ್ಕೆ 3 ಸಲ ಮಾಡಿ. ಮೊದಲು ಕೈಗೆ ಮುಟ್ಟಿಸಿ ನೋಡಿ. ಚರ್ಮ ಸುಡಬಾರದು.

2. ಕತ್ತನ್ನು ಮೆಲ್ಲಗೆ ಆಡಿಸಿ. ಬಲಕ್ಕೆ ತಿರುಗಿಸಿ, ಎಡಕ್ಕೆ ತಿರುಗಿಸಿ. ಕಿವಿಯನ್ನು ಭುಜದ ಕಡೆ ಬಾಗಿಸಿ. ಒಂದೊಂದನ್ನೂ 5 ಸಲ ಮಾಡಿ. ನೋವು ಹೆಚ್ಚಾದರೆ ಅಲ್ಲಿಗೇ ನಿಲ್ಲಿಸಿ. ಅಲ್ಲಾಡದೆ ಮಲಗಿಯೇ ಇದ್ದರೆ ಕತ್ತು ಇನ್ನಷ್ಟು ಬಿಗಿಯುತ್ತೆ.

3. ನೋವು ಇಳಿಯುವ ತನಕ ತಲೆಹೊರೆ ಬೇಡ.

4. ತೆಳ್ಳಗಿನ ದಿಂಬು ಇಟ್ಟುಕೊಳ್ಳಿ. ಬೋರಲು ಮಲಗಬೇಡಿ.

ಹೀಗೆ ಮಾಡಿದರೆ ಹೆಚ್ಚಿನವರಿಗೆ ಒಂದು ವಾರದೊಳಗೆ ವಾಸಿಯಾಗುತ್ತೆ.

ಇದನ್ನು ಮಾಡಬೇಡಿ

'ಲಟಕ್ ಅನ್ನಿಸಿದರೆ ಸರಿಹೋಗುತ್ತೆ' ಅಂತ ಕೆಲವರು ಕತ್ತನ್ನು ಜೋರಾಗಿ ತಿರುಚುತ್ತಾರೆ. ಇದು ಅಪಾಯ. ಕತ್ತಿನ ಮೂಳೆಗಳ ನಡುವೆ ಮೆದುಳಿನಿಂದ ಇಳಿದು ಬರುವ ನರಗಳಿವೆ. ಮೆದುಳಿಗೆ ರಕ್ತ ಒಯ್ಯುವ ನಾಳಗಳೂ ಇವೆ. ಇವಕ್ಕೆ ಪೆಟ್ಟಾದರೆ ಕೈಕಾಲು ಬಿದ್ದುಹೋಗಬಹುದು. ಜೀವಕ್ಕೂ ಅಪಾಯ.

ಅಂಗಡಿಯಿಂದ ನೋವಿನ ಮಾತ್ರೆ ತಂದು ದಿನಾ ನುಂಗಬೇಡಿ. ಹೊಟ್ಟೆಯಲ್ಲಿ ಹುಣ್ಣಾಗಬಹುದು. ಮೂತ್ರಪಿಂಡವೂ ಕೆಡಬಹುದು.

ಯಾವಾಗ ಆಸ್ಪತ್ರೆಗೆ ಹೋಗಬೇಕು?

ಈ ಲಕ್ಷಣ ಕಂಡರೆ ತಡ ಮಾಡಬೇಡಿ:

● ಕತ್ತು ಬಿಗಿತದ ಜೊತೆ ಜ್ವರ, ತಲೆನೋವು, ವಾಂತಿ ಇದ್ದರೆ. ಇದು ಮೆದುಳು ಜ್ವರ ಇರಬಹುದು.
● ಗಾಯ ಆದ ಮೇಲೆ ಕತ್ತು, ದವಡೆ ಬಿಗಿದರೆ. ಇದು ಧನುರ್ವಾಯು ಇರಬಹುದು.
● ಕೈ ಮರಗಟ್ಟಿದರೆ, ಹಿಡಿತ ತಪ್ಪಿದರೆ, ನಡೆಯುವಾಗ ಕಾಲು ತಡವರಿಸಿದರೆ.
● ಎದೆ, ಎಡಗೈ, ದವಡೆಗೂ ನೋವು ಹರಡಿ ಬೆವರು ಬಂದರೆ. ಇದು ಹೃದಯದ ನೋವು ಇರಬಹುದು.

ಮರದಿಂದ ಅಥವಾ ಗಾಡಿಯಿಂದ ಬಿದ್ದು ಕತ್ತು ನೋವು ಅಂದವರನ್ನು ಎತ್ತಿ ಕೂರಿಸಬೇಡಿ. ತಲೆ ಅಲುಗದಂತೆ ಹಿಡಿದುಕೊಳ್ಳಿ. 108ಕ್ಕೆ ಫೋನ್ ಮಾಡಿ.

ಮತ್ತೆ ಬಾರದಿರಲು

ಕೂತು ಕೆಲಸ ಮಾಡುವವರು ಅರ್ಧ ಗಂಟೆಗೊಮ್ಮೆ ತಲೆ ಎತ್ತಿ. ಎದ್ದು ನಾಲ್ಕು ಹೆಜ್ಜೆ ನಡೆಯಿರಿ. ಒಂದು ದೊಡ್ಡ ಹೊರೆಯನ್ನು ಎರಡು ಸಣ್ಣ ಹೊರೆ ಮಾಡಿ. ನೀರು, ಸೌದೆ ಹೊರುವುದು ಹೆಂಗಸರ ಕೆಲಸವೇ ಅಂತ ಯಾರು ಹೇಳಿದರು? ಮನೆಯ ಗಂಡಸರೂ ಹಂಚಿಕೊಳ್ಳಲಿ. ಹೊರೆ ಹಂಚಿಕೊಂಡರೆ ಕತ್ತೂ ಹಗುರ, ಸಂಸಾರವೂ ಹಗುರ.

ಯೋಚಿಸಿ, ಮಾತಾಡಿ

● ನಿಮ್ಮ ಮನೆಯಲ್ಲಿ ಹೆಚ್ಚು ಭಾರ ಹೊರುವವರು ಯಾರು?
● ನಿಮ್ಮ ಊರಲ್ಲಿ ಕತ್ತು ಹಿಡಿದುಕೊಂಡರೆ ಏನು ಮಾಡುತ್ತಾರೆ? ಅದು ಸರಿಯೇ?